ಈ ಭಾನುವಾರಕ್ಕೆ ಒಂದು ಕೀರ್ತನೆ: ಕಾಯರ್‌ಗೆ ಬರೆಯಲು ಶುರುಮಾಡುವುದು ಹೇಗೆ

ಕಂಪೋಸರ್ ಆಗಬೇಕು, ಚರ್ಚ್ ಸಂಗೀತವನ್ನೂ ಬಿಡಬಾರದು ಎನ್ನುವ ಮಕ್ಕಳಿಗೆ ನಾನು ಮೊದಲು ಹೇಳುವ ಹೆಸರು ಜೇಮ್ಸ್ ಮ್ಯಾಕ್‌ಮಿಲನ್. 1959ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದ ಕಂಪೋಸರ್, ಅಂದರೆ ಸಂಗೀತ ರಚಿಸುವವರು. 2022ರಲ್ಲಿ ರಾಣಿ ಎಲಿಜಬೆತ್ ಅವರ ಅಂತ್ಯಕ್ರಿಯೆಯನ್ನು ಟಿವಿಯಲ್ಲಿ ನೋಡಿದ್ದರೆ ಅವರ ಸಂಗೀತ ನಿಮ್ಮ ಕಿವಿಗೆ ಬಿದ್ದಿದೆ. ಅಂಥವರು ಗ್ಲಾಸ್ಗೋದ ಮೇರಿಹಿಲ್‌ನ ಸೇಂಟ್ ಕೊಲಂಬಾ ಚರ್ಚ್‌ನಲ್ಲಿ ಕಾಯರ್ (ಚರ್ಚ್‌ನ ಹಾಡುಗಾರರ ತಂಡ) ನಡೆಸುತ್ತಾ, ಅಲ್ಲಿನ ಆರಾಧನೆಗೆ ಬೈಬಲ್‌ನ ಕೀರ್ತನೆಗಳಿಗೆ ರಾಗ ಬರೆಯುತ್ತಿದ್ದರು. ನೀವೂ ಅಲ್ಲಿಂದಲೇ ಶುರುಮಾಡಿ.

ಸಿಂಫನಿ ಆಮೇಲೆ. ಮೊದಲು ಒಂದು ಪಲ್ಲವಿ ಸಾಕು, ಇಡೀ ಸಭೆ ಒಮ್ಮೆ ಕೇಳಿ ತಿರುಗಿ ಹಾಡುವಂಥದ್ದು. ರಾಗ ಪಿಯಾನೋದ ನಡು ಸಿ ಸ್ವರದಿಂದ ಅದರ ಮೇಲಿನ ಸಪ್ತಕದ ಡಿ ಸ್ವರದ ಒಳಗೆ ಇರಲಿ. ಚರಣಗಳನ್ನು ಕಾಯರ್‌ಗೆ ಬಿಡಿ, ಕಷ್ಟ ಏನಿದ್ದರೂ ಅಲ್ಲಿರಲಿ. ಬರೆಯುವ ಮುಂಚೆ ನಿಮ್ಮಲ್ಲಿ ನಿಜವಾಗಿ ಯಾರಿದ್ದಾರೆ ನೋಡಿ. ಟೆನರ್ (ಗಂಡಸರ ಎತ್ತರದ ದನಿ) ಒಬ್ಬರೇ ಇದ್ದರೆ ನಾಲ್ಕರ ಬದಲು ಮೂರೇ ದನಿಗೆ ಬರೆಯಿರಿ.

ಕನ್ನಡಕ್ಕೆ ಬರೆಯುವಾಗ ಹ್ರಸ್ವ-ದೀರ್ಘ ತುಂಬಾ ಮುಖ್ಯ. 'ಕುರುಬನು' ಎಂಬಲ್ಲಿ ನಾಲ್ಕೂ ಅಕ್ಷರ ಹ್ರಸ್ವ. ಮೊದಲನೆಯದರ ಮೇಲೆ ಉದ್ದ ಸ್ವರ ಇಟ್ಟರೆ 'ಕೂರುಬನು' ಆಗಿಬಿಡುತ್ತದೆ. ಇಂಗ್ಲಿಷ್ ರಾಗಕ್ಕೆ ಕನ್ನಡ ಮಾತು ತುರುಕಿದ ಎಷ್ಟೋ ಹಾಡುಗಳಲ್ಲಿ ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಸಾಲನ್ನು ಮೊದಲು ಜೋರಾಗಿ ಓದಿ. ದನಿ ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲೇ ಉಸಿರು ಕೊಡಿ.

ನಿಮ್ಮ ನೆಲದ ಕುಸುರಿಯನ್ನು ಒರೆಸಿ ಹಾಕಬೇಡಿ. ಮ್ಯಾಕ್‌ಮಿಲನ್ ಅವರ ಸಾಲುಗಳಲ್ಲಿ ಸ್ಕಾಟಿಷ್ ಜನಪದ ಹಾಡಿನ ಸಣ್ಣ ತಿರುವುಗಳು ಹಾಗೇ ಉಳಿದಿವೆ. ನಮ್ಮ ಭಜನೆಯ ಗಮಕ ಯಾಕೆ ಉಳಿಯಬಾರದು? ಆದರೆ ಕಾಯರ್ ಒಟ್ಟಿಗೆ ಹಾಡಬೇಕು, ಅಲ್ವಾ? ಹಾಗಾಗಿ ಗಮಕವನ್ನು ಒಂದೆರಡು ಕಡೆ ಮಾತ್ರ, ಸ್ವರ ಸ್ವರವಾಗಿ ಬರೆದೇ ಕೊಡಿ.

ಹಳೆಯ ರಾಗವೊಂದನ್ನು ಬೆಳೆಸುವುದು ಮುಂದಿನ ಪಾಠ. 1992ರಲ್ಲಿ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಮೊದಲು ನುಡಿಸಿದ, ಮ್ಯಾಕ್‌ಮಿಲನ್ ಅವರ 'ವೇನಿ, ವೇನಿ, ಎಮ್ಯಾನುಯೆಲ್' ತಾಳವಾದ್ಯ ಮತ್ತು ಆರ್ಕೆಸ್ಟ್ರಾದ ಕೃತಿ, ಸುಮಾರು 25 ನಿಮಿಷದ್ದು. ಅಷ್ಟೂ ಹುಟ್ಟಿದ್ದು ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಒಂದು ಹಳೆಯ ಚರ್ಚ್ ರಾಗದಿಂದ. ನಿಮ್ಮ ಅಜ್ಜಿ ಹಾಡುತ್ತಿದ್ದ ಕೀರ್ತನೆಯ ನಾಲ್ಕು ಸ್ವರ ತೆಗೆದುಕೊಂಡು ಇದನ್ನೇ ಮಾಡಿ ನೋಡಿ.

ಹೊಟ್ಟೆಪಾಡಿನ ಮಾತೂ ಇದೆ. ಮ್ಯಾಕ್‌ಮಿಲನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, ಬಿಬಿಸಿ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಕಂಡಕ್ಟ್ ಮಾಡಿದರು. ಚರ್ಚ್ ಸಂಗೀತವೊಂದನ್ನೇ ನಂಬಿ ಕೆಲಸ ಬಿಡಬೇಡಿ. ಪಾಠ ಹೇಳುವುದನ್ನೂ ಕಾಯರ್ ನಡೆಸುವುದನ್ನೂ ಜೊತೆಗೇ ಕಲಿಯಿರಿ.

ಬರೆದದ್ದನ್ನು ಗುರುವಾರದ ಪ್ರಾಕ್ಟೀಸ್‌ಗೇ ತನ್ನಿ. ಹಾಡುವವರು ಒಂದೇ ಜಾಗದಲ್ಲಿ ಎರಡು ಸಲ ತಡವರಿಸಿದರೆ ಆ ಜಾಗವನ್ನು ತಿದ್ದಿ. ಭಾನುವಾರಕ್ಕೆ ಇನ್ನೂ ಎರಡು ದಿನ ಸಿಗುತ್ತದೆ.