‘ಡೌಟ್’ ಎನ್ನುವ ಮೊದಲು ಒಂದು ಕ್ಷಣ

ಹೊರದೇಶದವರೊಂದಿಗೆ ಕೆಲಸ ಮಾಡುವ ಗೆಳೆಯರಿಗೆ ಈ ಮಾತು. ತರಗತಿಯಲ್ಲಿ ಕೈ ಎತ್ತಿ ‘ಸರ್, ಡೌಟ್’ ಎನ್ನುತ್ತಲೇ ಬೆಳೆದವರು ನಾವು. ನಮಗೆ ಅದರ ಅರ್ಥ ‘ಇದು ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂದಷ್ಟೇ. ಭಾರತದ ಇಂಗ್ಲಿಷಿನಲ್ಲಿ ಈ ಬಳಕೆ ಗಟ್ಟಿಯಾಗಿ ನೆಲೆಯೂರಿದೆ, ನಮ್ಮೊಳಗೆ ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಬ್ರಿಟನ್ ಅಥವಾ ಅಮೆರಿಕದವರ ಕಿವಿಗೆ ಡೌಟ್ ಎಂದರೆ ಅಪನಂಬಿಕೆ. ‘ನಿಮ್ಮ ವರದಿಯ ಬಗ್ಗೆ ಡೌಟ್ ಇದೆ’ ಎಂದು ಬರೆದರೆ, ವರದಿಯೇ ಸರಿಯಿಲ್ಲವೆಂದು ನೀವು ಹೇಳುತ್ತಿದ್ದೀರಿ ಎಂದು ಅವರು ನೊಂದುಕೊಳ್ಳಬಹುದು. ಅಲ್ಲಿ ‘ಕ್ವೆಶ್ಚನ್’ ಎಂದು ಬರೆಯಿರಿ, ಸಾಕು.

ನಿಜವಾದ ತೊಡಕು ಇನ್ನೊಂದು ಕಡೆ ಇದೆ. ಕನ್ನಡದ ‘ಅನುಮಾನ’ ಎರಡೂ ಬದಿಗೆ ವಾಲುತ್ತದೆ. ‘ಅವನು ಬರುವುದು ಅನುಮಾನ’ ಎಂದರೆ ಬರಲಿಕ್ಕಿಲ್ಲ. ‘ಅವನೇ ತೆಗೆದುಕೊಂಡನೆಂದು ನನ್ನ ಅನುಮಾನ’ ಎಂದರೆ ತೆಗೆದುಕೊಂಡಿರಬೇಕು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಡೌಟ್’, ಎರಡನೆಯದಕ್ಕೆ ‘ಸಸ್ಪೆಕ್ಟ್’. ಇವನ್ನು ಅದಲುಬದಲು ಮಾಡಿದರೆ ಮಾತು ತಲೆಕೆಳಗಾಗುತ್ತದೆ. ಯಂತ್ರ ಕೆಟ್ಟಿರಬಹುದು ಎಂದು ತಿಳಿಸಲು ಹೋಗಿ ಡೌಟ್ ಬಳಸಿದರೆ, ಕೆಟ್ಟಿರಲಿಕ್ಕಿಲ್ಲ ಎಂದು ಹೇಳಿದಂತಾಗುತ್ತದೆ! ಬರೆಯುವ ಮುನ್ನ ಮನಸ್ಸಿನಲ್ಲೇ ‘ಇರಬಹುದೋ, ಇರಲಿಕ್ಕಿಲ್ಲವೋ’ ಎಂದು ಕೇಳಿಕೊಳ್ಳಿ. ಇರಬಹುದು ಎಂದಾದರೆ ಸಸ್ಪೆಕ್ಟ್.

ಅಂದಹಾಗೆ, ‘ಡೌಟ್’ (doubt) ಪದದ ಕಾಗುಣಿತದಲ್ಲಿ ‘ಬಿ’ ಇದ್ದರೂ ಅದನ್ನು ಉಚ್ಚರಿಸಬೇಡಿ. ಫ್ರೆಂಚಿನಿಂದ ಬಂದಾಗ ಈ ಪದದಲ್ಲಿ ಆ ಅಕ್ಷರ ಇರಲೇ ಇಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲು ವಿದ್ವಾಂಸರು ಆಮೇಲೆ ಸೇರಿಸಿದ್ದು. ಮಕ್ಕಳಿಗೂ ಇದನ್ನು ಹೇಳಿಕೊಡಿ.