ನನ್ನ ಅನುಭವ: ಮೈ ತಾಪಮಾನ ಮತ್ತು ಫಲವತ್ತಾದ ದಿನಗಳು

ಮಗುವಿಗಾಗಿ ಪ್ರಯತ್ನಿಸುತ್ತಿದ್ದಾಗ ನನಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಮುಟ್ಟಾದ 14ನೇ ದಿನ. ಆ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹೊಂದಬಹುದು. ನನ್ನ ಮುಟ್ಟು ಬರುತ್ತಿದ್ದುದು 32ರಿಂದ 35 ದಿನಕ್ಕೆ. ಅಂಡಾಣು ಬಿಡುಗಡೆಯಾದ ಮೇಲೆ ಮುಂದಿನ ಮುಟ್ಟಿಗೆ ಸಾಮಾನ್ಯವಾಗಿ ಎರಡು ವಾರ ಹಿಡಿಯುತ್ತದೆ. ಹಿಂದುಮುಂದಾಗುವುದು ಹೆಚ್ಚಾಗಿ ಅದಕ್ಕೂ ಮುಂಚಿನ ದಿನಗಳು. ಹಾಗಾಗಿ ನನ್ನ ದಿನ ಯಾವುದೆಂದು ನಾನೇ ಕಂಡುಕೊಳ್ಳಬೇಕಿತ್ತು.

ದಶಮಾಂಶದ ನಂತರ ಎರಡು ಅಂಕಿ ತೋರಿಸುವ ಥರ್ಮಾಮೀಟರ್ ತಂದು ತಲೆದಿಂಬಿನ ಪಕ್ಕ ಇಟ್ಟುಕೊಂಡೆ. ಅಂಡಾಣು ಬಿಡುಗಡೆಯಾದ ಮೇಲೆ ಮೈ ತಾಪಮಾನ ತುಸು ಏರುತ್ತದೆ. ನಾವು ಹುಡುಕುವ ಆ ಏರಿಕೆ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಅಷ್ಟೇ. ದಿನವೂ ಒಂದೇ ಹೊತ್ತಿಗೆ, ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳದೆ, ನೀರೂ ಕುಡಿಯದೆ ಅದನ್ನು ನಾಲಿಗೆಯಡಿ ಇಡುತ್ತಿದ್ದೆ. ಬೀಪ್ ಎಂದೊಡನೆ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ. 97.21, 97.34, 97.18 ಎಂದು ಕೆಳಗೇ ಓಲಾಡುತ್ತಿದ್ದ ಅಂಕಿ ಒಂದು ಬೆಳಿಗ್ಗೆ 97.86ಕ್ಕೆ ಏರುತ್ತಿತ್ತು. ಮುಂದಿನ ಎರಡು ದಿನವೂ ಮೇಲೆಯೇ ನಿಂತರೆ ಅಂಡಾಣು ಬಿಡುಗಡೆಯಾಗಿದೆ ಎಂದು ತಿಳಿಯುತ್ತಿದ್ದೆ. ಮೈ ಬಿಸಿಯೇರಿಸುವುದು ಆಮೇಲೆ ಹೆಚ್ಚುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಒಂದೇ ದಿನದ ಏರಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ನಿದ್ದೆಗೆಟ್ಟ ರಾತ್ರಿ, ಜ್ವರ, ತಡವಾಗಿ ಎದ್ದ ಭಾನುವಾರ, ಇವೆಲ್ಲ ಅಂಕಿಯನ್ನು ಕೆಡಿಸುತ್ತವೆ. ಅಂಥ ಚುಕ್ಕೆಗಳ ಸುತ್ತ ನಾನು ಸೊನ್ನೆ ಸುತ್ತುತ್ತಿದ್ದೆ.

ಆದರೆ ಏರಿಕೆ ಕಾಣುವ ಹೊತ್ತಿಗೆ ಸಮಯ ಬಹುತೇಕ ಮೀರಿರುತ್ತದೆ. ಅಂಡಾಣುವಿನ ಆಯುಸ್ಸು ಹೆಚ್ಚೆಂದರೆ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಬಲ್ಲದು. ಆದ್ದರಿಂದ ದಂಪತಿ ಕೂಡಬೇಕಾದದ್ದು ಬಿಡುಗಡೆಗೆ ಮುಂಚಿನ ದಿನಗಳಲ್ಲಿ. ಅದನ್ನು ಮೊದಲೇ ಹೇಳುವುದು ಬಿಳಿ ಸ್ರಾವ. ಅಂಟಂಟಾಗಿ, ಮಂದವಾಗಿ ಇರುವ ಸ್ರಾವ ಕ್ರಮೇಣ ತಿಳಿಯಾಗಿ, ಹಸಿ ಮೊಟ್ಟೆಯ ಬಿಳಿಯಂತೆ ಎರಡು ಬೆರಳುಗಳ ನಡುವೆ ಎಳೆಯೆಳೆಯಾಗಿ ಹಿಗ್ಗುತ್ತದೆ. ನಮ್ಮಲ್ಲಿ ಬಿಳಿ ಸ್ರಾವ ಎಂದರೆ ರೋಗವೆಂದೇ ಹೆದರಿಸುತ್ತಾರೆ. ತುರಿಕೆ, ಉರಿ, ದುರ್ವಾಸನೆ ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಈ ತಿಳಿ ಲೋಳೆ ಮಾತ್ರ ಆರೋಗ್ಯದ ಲಕ್ಷಣ. ಔಷಧದಂಗಡಿಯಲ್ಲಿ ಸಿಗುವ ಎಲ್‌ಎಚ್ ಪಟ್ಟಿಯನ್ನೂ (ಅಂಡಾಣು ಬಿಡುಗಡೆಗೆ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು ಮೂತ್ರದಲ್ಲಿ ಪತ್ತೆಮಾಡುವ ಪಟ್ಟಿ) ಬಳಸಿದೆ. ಅದು ಒಂದೆರಡು ದಿನ ಮುಂಚೆ ಸುಳಿವು ಕೊಡುತ್ತದೆ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಬಿಡುಗಡೆ ತಪ್ಪುವ ತೊಂದರೆ) ಇರುವವರಿಗೆ ತಪ್ಪು ಫಲಿತಾಂಶ ತೋರಿಸುವುದುಂಟು.

ಹಾಳೆ ಹೆಚ್ಚು ಉಪಯೋಗಕ್ಕೆ ಬಂದದ್ದು ವೈದ್ಯೆಯ ಮುಂದೆ. ಪ್ರೊಜೆಸ್ಟರಾನ್ ರಕ್ತಪರೀಕ್ಷೆಯನ್ನು ಸಾಮಾನ್ಯವಾಗಿ 21ನೇ ದಿನ ಮಾಡುತ್ತಾರೆ. ನನ್ನ ಚುಕ್ಕೆಗಳನ್ನು ನೋಡಿದ ಅವರು, "ನಿಮಗೆ 21 ಬೇಡಮ್ಮಾ, ಏರಿಕೆಯಾಗಿ ಒಂದು ವಾರಕ್ಕೆ ಬನ್ನಿ" ಎಂದರು. ವರದಿ ಸರಿಯಾಗಿತ್ತು. ಜೊತೆಗೇ ನನ್ನ ಪತಿಯ ವೀರ್ಯ ಪರೀಕ್ಷೆಯನ್ನೂ ಮಾಡಿಸಿದರು. ಹೆಂಡತಿಯೊಬ್ಬಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವ ಮನೆಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಹೋಗಿ ತೋರಿಸಿಕೊಳ್ಳಿ. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟೂ ಕಾಯಬೇಡಿ.