ಗರ್ಭಿಣಿಯರು ಕ್ರೀಮಿನ ಲೇಬಲ್ ಓದುವುದು ಹೇಗೆ?

ಮೊಡವೆಗೆಂದೋ ಸುಕ್ಕಿಗೆಂದೋ ಹಚ್ಚುವ ಕ್ರೀಮುಗಳಲ್ಲಿ ವಿಟಮಿನ್ ‘ಎ’ ಬೇರೆ ಬೇರೆ ಹೆಸರುಗಳಲ್ಲಿ ಸೇರಿರುತ್ತದೆ; ಈ ಬಳಗಕ್ಕೆ ರೆಟಿನಾಯ್ಡ್ ಎಂದು ಹೆಸರು. ಇವುಗಳಲ್ಲಿ ಕೆಲವು ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿಯಾದ್ದರಿಂದ ಗರ್ಭಿಣಿಯರೂ ಗರ್ಭ ಧರಿಸುವ ಯೋಚನೆಯಲ್ಲಿರುವವರೂ ಮೊದಲು ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ ಘಟಕಗಳ ಪಟ್ಟಿಯನ್ನು ಓದಬೇಕು. ಸೌಂದರ್ಯವರ್ಧಕಗಳಲ್ಲಿ ರೆಟಿನಾಲ್, ರೆಟಿನಾಲ್ಡಿಹೈಡ್, ರೆಟಿನೈಲ್ ಪಾಮಿಟೇಟ್ ಎಂಬ ಹೆಸರುಗಳನ್ನೂ, ಔಷಧಗಳಲ್ಲಿ ಟ್ರೆಟಿನಾಯಿನ್, ಅಡಾಪಲೀನ್, ಟಜಾರೊಟೀನ್ ಎಂಬವನ್ನೂ ಹುಡುಕಿ. ಬಂಗು ಎಂಬ ಮುಖದ ಕಪ್ಪು ಕಲೆಗೆ ಹಚ್ಚುವ ಮಿಶ್ರ ಕ್ರೀಮುಗಳಲ್ಲಿ, ಕಲೆಯನ್ನು ತಿಳಿಗೊಳಿಸುವ ಹೈಡ್ರೋಕ್ವಿನೋನ್ ಜೊತೆಗೆ ಟ್ರೆಟಿನಾಯಿನ್ ಕೂಡ ಇರುವುದುಂಟು. ಹಲವರ ಕಣ್ತಪ್ಪುವುದು ಇಲ್ಲಿಯೇ.

ಎರಡನೆಯದಾಗಿ, ನೀವು ಬಳಸುತ್ತಿರುವುದು ಹಚ್ಚುವ ಔಷಧವೋ ನುಂಗುವ ಔಷಧವೋ ಎಂಬುದನ್ನು ಗುರುತಿಸಿಕೊಳ್ಳಿ, ಏಕೆಂದರೆ ಅಪಾಯದ ತೂಕ ಎರಡಕ್ಕೂ ಒಂದೇ ಅಲ್ಲ. ಭ್ರೂಣದಲ್ಲಿ ಯಾವ ಅಂಗ ಎಲ್ಲಿ ಮೂಡಬೇಕೆಂಬುದನ್ನು ನಿಯಂತ್ರಿಸುವ ವಂಶವಾಹಿಗಳಿಗೆ ಸೂಚನೆ ಕೊಡುವ ವಸ್ತುಗಳಲ್ಲಿ, ವಿಟಮಿನ್ ‘ಎ’ಯಿಂದ ದೇಹದಲ್ಲಿ ಉಂಟಾಗುವ ರೆಟಿನಾಯಿಕ್ ಆಮ್ಲವೂ ಒಂದು. ಅದರ ಪ್ರಮಾಣ ಮಿತಿಮೀರಿದರೆ ಆ ಸೂಚನೆಗಳೇ ತಪ್ಪುತ್ತವೆ. ತೀವ್ರ ಮೊಡವೆಗೆ ಕೊಡುವ, ಇದೇ ಬಳಗದ ಐಸೊಟ್ರೆಟಿನಾಯಿನ್ ಕ್ಯಾಪ್ಸೂಲ್ ಗರ್ಭಾವಸ್ಥೆಯಲ್ಲಿ ದೇಹ ಸೇರಿದರೆ ಮಗುವಿನ ಕಿವಿ, ಮುಖ, ಹೃದಯ ಮತ್ತು ಮೆದುಳಿನಲ್ಲಿ ಗಂಭೀರ ದೋಷಗಳು ಉಂಟಾಗಬಹುದು, ಗರ್ಭಪಾತವೂ ಆಗಬಹುದು. ಅಂಗಗಳು ರೂಪುಗೊಳ್ಳುವ ಮೊದಲ ವಾರಗಳಲ್ಲಿ ಎಷ್ಟೋ ಮಂದಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲವಾದ್ದರಿಂದ, ಈ ಔಷಧವನ್ನು ನಿಲ್ಲಿಸಿ ಕನಿಷ್ಠ 1 ತಿಂಗಳು ಕಳೆದ ಬಳಿಕವೇ ಗರ್ಭ ಧರಿಸಬೇಕು. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ನುಂಗಲು ಕೊಡುವ ಅಸಿಟ್ರೆಟಿನ್‌ಗೆ ಈ ಅವಧಿ 3 ವರ್ಷ.

ಕ್ರೀಮಿನಿಂದ ರಕ್ತ ಸೇರುವ ಪ್ರಮಾಣ ಬಹಳ ಕಡಿಮೆ, ಅದರಿಂದ ಮಗುವಿಗೆ ಹಾನಿಯಾಗುತ್ತದೆಂದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡುಬಂದಿಲ್ಲ. ಆದರೂ 2018ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಹಚ್ಚುವ ರೆಟಿನಾಯ್ಡ್‌ಗಳನ್ನೂ ಗರ್ಭಿಣಿಯರು ಬಳಸಬಾರದೆಂದು ಮುನ್ನೆಚ್ಚರಿಕೆಯಾಗಿ ಹೇಳಿತು. ಒಂಬತ್ತು ತಿಂಗಳು ಬಿಟ್ಟರೆ ನಷ್ಟವಾಗದ ವಸ್ತುವಿಗೆ ಇಷ್ಟು ಎಚ್ಚರಿಕೆ ಅತಿಯೇನಲ್ಲ.

ಗರ್ಭ ನಿಂತದ್ದು ತಿಳಿಯದೆ ಕೆಲವು ದಿನ ಕ್ರೀಮ್ ಹಚ್ಚಿದ್ದರೆ ಅಂದೇ ನಿಲ್ಲಿಸಿ, ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತಿಳಿಸಿದರೆ ಸಾಕು. ಗರ್ಭವನ್ನೇ ತೆಗೆಸುವ ಯೋಚನೆಗೆ ಇದು ಕಾರಣವಲ್ಲ. ಕ್ಯಾಪ್ಸೂಲ್ ನುಂಗಿದ್ದರೆ ಮಾತ್ರ ತಡಮಾಡದೆ ಅದೇ ದಿನ ವೈದ್ಯರನ್ನು ಕಾಣಿ.

ಮೊಡವೆಗೆ ಬದಲಿ ಬೇಕಿದ್ದಲ್ಲಿ ಅಜೆಲಾಯಿಕ್ ಆಮ್ಲದ ಕ್ರೀಮ್ ಬಗ್ಗೆ ಚರ್ಮವೈದ್ಯರನ್ನು ಕೇಳಬಹುದು. ‘ನೈಸರ್ಗಿಕ ರೆಟಿನಾಲ್’ ಎಂದು ಮಾರುವ ಬಾಕುಚಿಯೋಲ್ ವಿಟಮಿನ್ ‘ಎ’ ಅಲ್ಲ, ಆದರೆ ಗರ್ಭಿಣಿಯರಲ್ಲಿ ಅದರ ಸುರಕ್ಷತೆಯ ಪರೀಕ್ಷೆ ಸಾಕಷ್ಟು ನಡೆದಿಲ್ಲ. ವೈದ್ಯರಲ್ಲಿಗೆ ಹೋಗುವಾಗ ಕ್ರೀಮಿನ ಡಬ್ಬಿಯ ಜೊತೆಗೆ ವಿಟಮಿನ್ ಮಾತ್ರೆಗಳನ್ನೂ ಒಯ್ಯಿರಿ: ರೆಟಿನಾಲ್ ರೂಪದ ವಿಟಮಿನ್ ‘ಎ’ ದಿನಕ್ಕೆ 3,000 ಮೈಕ್ರೋಗ್ರಾಂ ಮೀರಬಾರದು, ದೇಹದಲ್ಲಿ ವಿಟಮಿನ್ ‘ಎ’ ಆಗಿ ಬದಲಾಗುವ ಸಸ್ಯಮೂಲದ ಬೀಟಾ ಕ್ಯಾರೊಟೀನ್‌ಗೆ ಈ ಮಿತಿ ಅನ್ವಯಿಸುವುದಿಲ್ಲ.